ಡ್ರಮ್ಮಿನ ಮೇಲಿನ ನಾಲ್ಕು ಚಿತ್ರಗಳು

ಅಕ್ಕನ ಎಡಗಾಲಿನ ಚಪ್ಪಲಿ ಬಸ್ಸಿನ ಮೆಟ್ಟಿಲ ಬಳಿ ಉಳಿದುಬಿಟ್ಟದ್ದನ್ನು ಮೊದಲು ನೋಡಿದವಳು ನಾನು. ಫ್ಯಾಕ್ಟರಿಯ ಬಸ್ಸು ಗೇಟಿನ ಮುಂದೆ ನಿಂತಿತ್ತು. ಅವಳು ನನಗಿಂತ ಮುಂಚೆ ಇಳಿದು, ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು, ಹಾಗೇ ಜಲ್ಲಿ ಹಾಸಿದ ದಾರಿಯಲ್ಲಿ ಸೆಕ್ಯೂರಿಟಿಯವರ ಕೋಣೆಯವರೆಗೂ ನಡೆದುಹೋದಳು. ಚೂಪು ಜಲ್ಲಿ ಅದು. ನಾನು ಚಪ್ಪಲಿ ಎತ್ತಿಕೊಂಡು ಹಿಂದೆ ಓಡಿದೆ.

"ಅಕ್ಕ, ಚಪ್ಪಲಿ ಬುಟ್ಬುಟ್ಟು ಬಂದಿದ್ದೀಯಲ್ಲ!"

ಅವಳು ಬಗ್ಗಿ ಕಾಲು ನೋಡಿಕೊಂಡಳು. "ಅಯ್ಯೋ, ಗೊತ್ತೇ ಆಗ್ನಿಲ್ಲ ಕಣಮ್ಮಿ," ಅಂದಳು. ಹಿಂದೆ ಇದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ಆ ವರ್ಷ ನನಗೆ ನಗುವುದು, ಅಳುವುದು ಎರಡೂ ಬೇರೆ ಯಾರದೋ ಮನೆಯ ವ್ಯವಹಾರದ ಹಾಗೆ ಕಾಣುತ್ತಿತ್ತು. ಹಿಂದಿನ ಆಷಾಢದಲ್ಲಿ, ಐದು ತಿಂಗಳು ತುಂಬಿದ ಮೇಲೆ, ನನ್ನ ಹೊಟ್ಟೆಯಲ್ಲಿದ್ದ ಮಗು ಹೋಗಿತ್ತು. ಇಪ್ಪತ್ತು ದಿನ ಮಲಗಿದ್ದು ಎದ್ದು ಕೆಲಸಕ್ಕೆ ಬಂದಿದ್ದೆ. ಜನ ಮಾತಾಡಿಸಿದರೆ ಉತ್ತರ ಕೊಡುತ್ತಿದ್ದೆ, ಅಷ್ಟೆ.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ಹರವೆ ಕಡೆಯ ಹಳ್ಳಿಯವಳು, ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವಳು. ನನ್ನ ತವರು ಚಂದಕವಾಡಿ. ಮದುವೆಯಾಗಿ ಬಂದದ್ದು ಗುಂಡ್ಲುಪೇಟೆಗೆ. ನನ್ನ ಗಂಡ ತರಕಾರಿ ಮಂಡಿಯಲ್ಲಿ ತೂಕ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಪಿಯುಸಿ ಓದಿದ್ದೇನೆ ಅಂತ ನನಗೆ ಫ್ಯಾಕ್ಟರಿಯ ಸ್ಟೋರಿನಲ್ಲಿ ಕೆಲಸ ಕೊಟ್ಟಿದ್ದರು. ಅಕ್ಕ ಕ್ಲೀನಿಂಗ್ ರೂಮಿನಲ್ಲಿದ್ದಳು. ಅಲ್ಲಿ ಒಟ್ಟು ಐದು ಜನ ಹೆಂಗಸರು.

ಚೆಂಡು ಹೂವಿನ ಫ್ಯಾಕ್ಟರಿ ಅದು. ಹೂವು ಲಾರಿಗಟ್ಟಲೆ ಬಂದು ಬೀಳುತ್ತದೆ. ಅದನ್ನು ಗುಂಡಿಗಳಲ್ಲಿ ಹುಳಿ ಬರಿಸಿ, ಹಿಂಡಿ, ಒಣಗಿಸಿ, ಕಾಳಿನ ಹಾಗೆ ಮಾಡಿ, ಆಮೇಲೆ ನೀರಿನಂಥ ಒಂದು ದ್ರವದಲ್ಲಿ ನೆನೆಸಿ ಬಣ್ಣ ತೆಗೆಯುತ್ತಾರೆ. ಆ ಬಣ್ಣ ಕೋಳಿ ಮೇವಿಗೆ ಹೋಗುತ್ತದೆ, ಮೊಟ್ಟೆಯ ಒಳಗಿನ ಹಳದಿ ಎದ್ದು ಕಾಣಲಿ ಅಂತ. ಆ ದ್ರವದ ಹೆಸರು ಹೆಕ್ಸೇನ್. ನಾವು ಯಾರೂ ಹಾಗೆ ಕರೆಯುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅದು ಸ್ಪಿರಿಟ್ಟು.

ಬಣ್ಣ ಅನ್ನುವುದು ಜೇನಿಗಿಂತ ಗಟ್ಟಿ, ಕಡು ಕಿತ್ತಳೆ, ಅಂಟು. ಯಂತ್ರದ ಜಾಲರಿಗಳಿಗೆ ಅದು ಮೆತ್ತಿಕೊಂಡರೆ ಸೋಪಿಗೂ ಹೋಗುವುದಿಲ್ಲ, ಬಿಸಿ ನೀರಿಗೂ ಹೋಗುವುದಿಲ್ಲ. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒಂದು ಸಲ ಒರೆಸಿದರೆ ಹೊಳೆಯುತ್ತದೆ. ಅಕ್ಕ ಮತ್ತು ಉಳಿದ ನಾಲ್ವರು ಬೆಳಗ್ಗೆಯಿಂದ ಸಂಜೆವರೆಗೂ ಆ ಜಾಲರಿಗಳನ್ನು ಒರೆಸುತ್ತಿದ್ದರು. ಹೂವು ಹುಳಿಯುವ ಗುಂಡಿ ಪಕ್ಕದಲ್ಲೇ ಇದ್ದುದರಿಂದ ನೊಣ ಮುತ್ತುತ್ತಿದ್ದವು. ಅದಕ್ಕೆ ರೂಮಿನ ಎರಡು ಕಿಟಕಿಗಳನ್ನೂ ಯಾವಾಗಲೋ ಮುಚ್ಚಿಸಿ ಮೊಳೆ ಹೊಡೆಸಿದ್ದರು. ನೊಣ ನಿಂತವು ಅಂತ ಎಲ್ಲರಿಗೂ ಸಮಾಧಾನವಾಗಿತ್ತು.

ಕೆಲಸ ಮುಗಿದ ಮೇಲೆ ಕೈಗೆ ಮೆತ್ತಿದ ಬಣ್ಣ ಹೋಗಬೇಕಲ್ಲ. "ಒಂಚೂರು ಕೊಡಮ್ಮಿ, ಈ ಕೈಲಿ ಅನ್ನ ಕಲ್ಸಕ್ಕಾಗಲ್ಲ," ಅಂತ ಅಕ್ಕ ಸ್ಟೋರಿನ ಕಿಟಕಿಗೆ ಬರುತ್ತಿದ್ದಳು. ನಾನು ಕ್ಯಾಂಟೀನಿನ ಖಾಲಿ ನೀರಿನ ಬಾಟಲಿಗಳಿಗೆ ಡ್ರಮ್ಮಿನಿಂದ ಬಗ್ಗಿಸಿ ಇಟ್ಟಿರುತ್ತಿದ್ದೆ. ಒಂದು ದಿನ ಯಾರೋ ಅದನ್ನು ನೀರು ಅಂದುಕೊಂಡು ಬಾಯಿಗೆ ಎತ್ತಿದರು. ಆವತ್ತಿನಿಂದ ಪ್ರತಿ ಬಾಟಲಿಯ ಮೇಲೂ ಬಿಳಿ ಕಾಗದ ಅಂಟಿಸಿ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ "ಕುಡಿಯಬಾರದು" ಅಂತ ಬರೆದೆ. ನನ್ನ ಅಕ್ಷರ ಚೆನ್ನಾಗಿದೆ ಅಂತ ಮ್ಯಾನೇಜರ್ ಹೊಗಳಿದರು.

ನಮಗೆ ಭಯ ಇರಲಿಲ್ಲ ಅಂತಲ್ಲ. ಬೆಂಕಿಯ ಭಯ ಇತ್ತು. ಸ್ಪಿರಿಟ್ಟು ತರುವ ಟ್ಯಾಂಕರಿನ ಹಿಂದೆ ವಜ್ರಾಕಾರದ ಕೆಂಪು ಫಲಕ, ಅದರೊಳಗೆ ಉರಿಯುವ ಜ್ವಾಲೆ, ಕೆಳಗೆ ಮೂರು ಅನ್ನುವ ಅಂಕಿ. ಅದು ಗೇಟಿಗೆ ಬಂದಾಗ ಗಂಡಸರೆಲ್ಲ ಬೀಡಿ, ಬೆಂಕಿಪೊಟ್ಟಣ, ಮೊಬೈಲು ತೆಗೆದು ಸೆಕ್ಯೂರಿಟಿಗೆ ಕೊಡಬೇಕಾಗಿತ್ತು. ಹೆಂಗಸರ ಬ್ಯಾಗೂ ತಡಕುತ್ತಿದ್ದರು. ಅದೇ ಜ್ವಾಲೆಯ ಚಿತ್ರ ಟ್ಯಾಂಕಿನ ಮೇಲೆ, ಗೋಡೆಯ ಮೇಲೆ, ಸ್ಟೋರಿನ ಬಾಗಿಲ ಮೇಲೆ. ಬೆಂಕಿ ತಾಕಿಸಬೇಡ, ಉಳಿದಂತೆ ಏನೂ ಇಲ್ಲ ಅಂತ ನಾವು ತಿಳಿದಿದ್ದೆವು. ಟ್ಯಾಂಕರಿನ ಮೇಲಿನ ಫಲಕ ದಾರಿಯಲ್ಲಿ ಅಪಘಾತವಾದರೆ ಏನು ಅನ್ನುವುದನ್ನು ಹೇಳಲು ಇರುವುದು, ಅದರ ಜೊತೆ ವರ್ಷಗಟ್ಟಲೆ ಕೆಲಸ ಮಾಡುವವರಿಗೆ ಏನಾಗುತ್ತದೆ ಅನ್ನುವುದನ್ನು ಅದು ಹೇಳುವುದಿಲ್ಲ ಅಂತ ನನಗೆ ತಿಳಿದದ್ದು ಎಷ್ಟೋ ಆಮೇಲೆ.

ಕ್ಲೀನಿಂಗಿಗೆ ಬೇರೆಯಾಗಿ ಡ್ರಮ್ಮುಗಳು ಬರುತ್ತಿದ್ದವು. ಆ ಡ್ರಮ್ಮಿನ ಮೇಲೆ ದೊಡ್ಡ ಲೇಬಲ್ ಇತ್ತು. ಕೆಂಪು ಅಂಚಿನ ನಾಲ್ಕು ಚೌಕ, ಪಕ್ಕದಲ್ಲಿ ಇಂಗ್ಲಿಷು, ಕೆಳಗೆ ಹಿಂದಿ. ನಾನು ದಿನಾ ಅದನ್ನು ನೋಡುತ್ತಿದ್ದೆ. ಮೂಲೆಯಲ್ಲಿದ್ದ ಬ್ಯಾಚ್ ನಂಬರು ಬಿಲ್ಲಿನ ನಂಬರಿಗೆ ಸರಿಹೋಗುತ್ತದೆಯೇ ಅಂತ ಮಾತ್ರ ನೋಡುತ್ತಿದ್ದೆ.

ಇದರಲ್ಲಿ ಇನ್ನೂ ಒಂದು ಮಾತಿದೆ, ಅದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಆ ಚಿತ್ರಗಳ ಅರ್ಥ ನನಗೆ ಗೊತ್ತಿತ್ತು. ನಾನು ಸೇರಿದ ವರ್ಷವೇ ಮೈಸೂರಿನಿಂದ ಒಬ್ಬರು ತರಬೇತಿ ಕೊಡಲು ಬಂದಿದ್ದರು. ಕ್ಯಾಂಟೀನಿನ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಚಿತ್ರ ತೋರಿಸಿದರು. ಜ್ವಾಲೆ ಅಂದರೆ ಹೊತ್ತಿಕೊಳ್ಳುವ ವಸ್ತು. ಕೈಯ ಮೇಲೆ ಸುರಿಯುತ್ತಿರುವ ಹನಿ ಅಂದರೆ ಸುಡುವ ಆಸಿಡ್ಡು. ತಲೆಬುರುಡೆ ಅಂದರೆ ಸ್ವಲ್ಪಕ್ಕೇ ಪ್ರಾಣ ತೆಗೆಯುವ ವಿಷ. ಸತ್ತ ಮೀನು, ಒಣಮರ ಅಂದರೆ ಕೆರೆಗೆ ಹೋಗಬಾರದ್ದು. 'ಡೇಂಜರ್' ಅಂತ ಬರೆದಿದ್ದರೆ ಹೆಚ್ಚು, 'ವಾರ್ನಿಂಗ್' ಅಂತ ಬರೆದಿದ್ದರೆ ಅದಕ್ಕಿಂತ ಕಡಿಮೆ. ಆಮೇಲೆ ಒಬ್ಬ ಮನುಷ್ಯನ ಕಪ್ಪು ಆಕೃತಿ ಬಂತು, ಎದೆಯಲ್ಲಿ ಬಿಳಿ ನಕ್ಷತ್ರ ಸಿಡಿದ ಹಾಗೆ.

"ಇದೇನು, ಯಾರು ಹೇಳ್ತೀರಾ?" ಅಂದರು ಅವರು.

"ಎದೆನೋವು ಸಾ," ಅಂದರು ಬಾಯ್ಲರಿನವರೊಬ್ಬರು.

"ದ್ಯಾವ್ರು ಇರ್ಬೇಕು," ಅಂದಳು ಅಕ್ಕ. ಎಲ್ಲರೂ ನಕ್ಕರು. ತರಬೇತಿಯವರೂ ನಕ್ಕು, "ಇಲ್ಲಮ್ಮ, ಇದು ನಿಧಾನವಾಗಿ ಒಳಗಿನಿಂದ ಕೆಡಿಸುವಂಥದ್ದು. ಇವತ್ತು ಗೊತ್ತಾಗಲ್ಲ, ತಿಂಗಳು ವರ್ಷ ಆದ ಮೇಲೆ ಗೊತ್ತಾಗುತ್ತೆ," ಅಂದರು. ನಾನು ಅದನ್ನು ಬರೆದುಕೊಂಡೆ. ಕೊನೆಯಲ್ಲಿ ಪರೀಕ್ಷೆ ಇಟ್ಟರು. ನನಗೆ ಮೊದಲ ಬಹುಮಾನ ಬಂತು, ಒಂದು ಸ್ಟೀಲ್ ಟಿಫಿನ್ ಬಾಕ್ಸು. ಮಾರನೆಯ ದಿನ ಅದೇ ಬಾಕ್ಸಿನಲ್ಲಿ ಚಿತ್ರಾನ್ನ ತಂದು, ಸ್ಟೋರಿನಲ್ಲಿ ಡ್ರಮ್ಮಿನ ಪಕ್ಕ ಕೂತು ತಿಂದೆ. ಗೋಡೆಯ ಮೇಲಿನ ಚಿತ್ರ, ಡ್ರಮ್ಮಿನ ಮೇಲಿನ ಚಿತ್ರ ಎರಡೂ ಒಂದೇ ಅಂತ ನನ್ನ ತಲೆಗೆ ಹೋಗಲೇ ಇಲ್ಲ.

ಚಪ್ಪಲಿ ಬಿಟ್ಟು ಬಂದ ಮೇಲೆ ಅಕ್ಕನ ವಿಷಯ ಒಂದೊಂದೇ ಕಾಣತೊಡಗಿತು. ಬಸ್ಸಿನಲ್ಲಿ ಅವಳು ಹೂ ಕಟ್ಟುತ್ತಾ ಬರುವವಳು. ಮನೆಯ ಹಿತ್ತಲಿನ ಕಾಕಡ ತಂದು, ಊರು ಬಿಟ್ಟು ಫ್ಯಾಕ್ಟರಿ ಮುಟ್ಟುವುದರೊಳಗೆ ಎರಡು ಮೊಳ ಕಟ್ಟಿ, ಅರ್ಧ ನನಗೆ ಕೊಡುತ್ತಿದ್ದಳು. ಆ ಕಾರ್ತೀಕದಲ್ಲಿ ಅವಳ ಕೈಯಿಂದ ಹೂ ಜಾರಲು ಶುರುವಾಯಿತು. ದಾರ ಎಲ್ಲಿದೆ ಅಂತ ಬೆರಳಿಗೆ ತಿಳಿಯುತ್ತಿರಲಿಲ್ಲ; ಕಣ್ಣಿಟ್ಟು ನೋಡಿಯೇ ಗಂಟು ಹಾಕಬೇಕು. ಒಂದು ದಿನ ಹೂವಿನ ಪೊಟ್ಟಣವನ್ನು ನನ್ನ ಮಡಿಲಿಗೆ ಹಾಕಿ, "ನೀನೇ ಕಟ್ಕಂಡ್ಬುಡು," ಅಂದಳು. ಆಮೇಲೆ ತರುವುದನ್ನೇ ಬಿಟ್ಟಳು.

"ಎಂಗಾಯ್ತದ ಅಕ್ಕ?" ಅಂತ ಕೇಳಿದೆ.

"ಕಾಲು ಜೋಮು ಇಡ್ದಂಗ ಅದ. ಬೆಳಗ್ಗಿಂದ ಸಂಜಗಂಟ ಬುಡದೇ ಇಲ್ಲ. ಸಾಕ್ಸ್ ಆಕ್ಕಂಡು ನಡ್ದಂಗ. ರವಿಕ ಉಕ್ಕು ಮಗಳ ಕೈಲಿ ಆಕ್ಸ್ಕತೀನಿ ಕಣಮ್ಮಿ, ನಾಚ್ಕ ಆಯ್ತದ."

ಸಕ್ಕರೆ ಕಾಯಿಲೆ ಇರಬೇಕು ಅಂತ ಎಲ್ಲರೂ ಹೇಳಿದರು. ರಕ್ತ ಪರೀಕ್ಷೆ ಮಾಡಿಸಿದಳು, ಸಕ್ಕರೆ ಇರಲಿಲ್ಲ. ಗುಂಡ್ಲುಪೇಟೆಯ ಡಾಕ್ಟರು ನರದ ಶಕ್ತಿಗೆ ಅಂತ ಇಂಜೆಕ್ಷನ್ ಬರೆದರು. ಹತ್ತು ಹಾಕಿಸಿಕೊಂಡರೂ ಗುಣ ಕಾಣಲಿಲ್ಲ. ಅವಳ ಅತ್ತಿಗೆ ಹೇಳಿದ್ದಕ್ಕೆ ಸೊಂಟಕ್ಕೆ ಕರಿದಾರ ಕಟ್ಟಿಸಿಕೊಂಡಳು. ಕೊನೆಗೆ ಬೆಟ್ಟಕ್ಕೆ ಹರಕೆ ಹೊತ್ತಳು, ಜೊತೆಗೆ ಬಾ ಅಂತ ನನ್ನನ್ನು ಕರೆದಳು. ಒಂದು ರಜೆಯ ದಿನ ಬೆಳಗ್ಗೆ ಇಬ್ಬರೂ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದೆವು.

ಮೇಲೆ ಮಂಜು ಇನ್ನೂ ಬಿಟ್ಟಿರಲಿಲ್ಲ. ಸರ್ಕಾರಿ ಬಸ್ಸಿಳಿದು ದೇವಸ್ಥಾನದ ಮೆಟ್ಟಿಲು ಹತ್ತುವಾಗ ಅವಳು ನನ್ನ ಭುಜ ಹಿಡಿದಿದ್ದಳು. ಪ್ರತಿ ಮೆಟ್ಟಿಲಿಗೂ ಕಾಲನ್ನು ಮಂಡಿಯಿಂದ ಎತ್ತಿ ಹಾಕುತ್ತಿದ್ದಳು. ಪಾದದ ಮುಂಭಾಗ ತಾನಾಗಿ ಏಳುತ್ತಿರಲಿಲ್ಲ. ಒಳಗಿನ ಕಲ್ಲುಹಾಸು ಹಿಮದ ಗಡ್ಡೆಯ ಹಾಗೆ ಕೊರೆಯುತ್ತಿತ್ತು. ನಾನು ಒಂದು ಕಾಲ ಮೇಲೆ ಇನ್ನೊಂದು ಕಾಲಿಟ್ಟು ನಿಂತಿದ್ದೆ.

"ಯಾಕಮ್ಮಿ ಅಂಗ ಕುಣೀತಿಯ?" ಅಂದಳು.

"ಕಲ್ಲು ಕೊರೀತಾ ಅದಲ್ಲಕ್ಕ."

ಅವಳು ತನ್ನ ಕಾಲು ನೋಡಿಕೊಂಡಳು. ಆಮೇಲೆ ಕೆಳಗೆ ಕೂತು ಅಂಗೈಯನ್ನು ಕಲ್ಲಿನ ಮೇಲಿಟ್ಟಳು. ಮಣಿಕಟ್ಟನ್ನು ಇಟ್ಟಳು. ಮೊಣಕೈ ತಾಕಿಸಿದಾಗ ಮಾತ್ರ ಥಟ್ಟನೆ ಹಿಂದಕ್ಕೆ ಎಳೆದುಕೊಂಡಳು. "ಇಲ್ಲಿ ಗೊತ್ತಾಯ್ತದ. ಕೆಳಗ ಏನೂ ಇಲ್ಲ," ಅಂದಳು. ಅವಳ ಮುಖ ನೋಡಿದೆ. ಅವಳು ಹೆದರಿದ್ದಳು. ನನಗೆ ಹೆದರಿಕೆಯಾಗಬೇಕಿತ್ತು ಅಂತ ಗೊತ್ತಾಯಿತು, ಆದರೆ ಆಗಲಿಲ್ಲ. "ಚಾಮರಾಜನಗರಕ್ಕ ಓಗನ ಅಕ್ಕ, ದೊಡ್ಡಾಸ್ಪತ್ರಗ," ಅಂದೆ.

ಆಸ್ಪತ್ರೆಯಲ್ಲಿ ನೋಡಿದ ಡಾಕ್ಟರು ನನ್ನ ವಯಸ್ಸಿನ ಹೆಣ್ಣುಮಗಳು. ಅವರು ಗಡಿಬಿಡಿ ಮಾಡಲಿಲ್ಲ. ಅಕ್ಕನಿಗೆ ಕಣ್ಣು ಮುಚ್ಚಿಸಿ ಹತ್ತಿಯಿಂದ, ಸೂಜಿಯಿಂದ ಮುಟ್ಟಿದರು. ಕವಲಿನಂಥ ಒಂದು ಕಬ್ಬಿಣವನ್ನು ಬಡಿದು ಕಾಲಿನ ಹೆಬ್ಬೆರಳ ಮೇಲಿಟ್ಟು, "ನಡುಗೋದು ಗೊತ್ತಾಗ್ತಿದೆಯಾ?" ಅಂದರು. ಗೊತ್ತಾಗುತ್ತಿರಲಿಲ್ಲ. ಮಂಡಿಯ ಹತ್ತಿರ ಇಟ್ಟಾಗ ಗೊತ್ತಾಯಿತು. ಎರಡು ಕಾಲಿಗೂ ಕಾಲುಚೀಲದಷ್ಟು, ಎರಡು ಕೈಗೂ ಕೈಗವಸಿನಷ್ಟು ಅಂತ ಕಾಗದದ ಮೇಲೆ ಚಿತ್ರ ಬರೆದು ಗೆರೆ ಎಳೆದರು. ಆಮೇಲೆ ಯಾರೂ ಕೇಳಿರದ ಪ್ರಶ್ನೆ ಕೇಳಿದರು.

"ಏನು ಕೆಲಸ ಮಾಡ್ತೀರಾ ಅಮ್ಮ? ಕೈಯಲ್ಲಿ ಏನು ಮುಟ್ತೀರಾ?"

"ಪ್ಯಾಕ್ಟ್ರಿಲಿ ಜಾಲ್ರಿ ಒರುಸ್ತೀನಿ ಡಾಕ್ಟ್ರಮ್ಮ. ಸ್ಪಿರಿಟ್ಟಲ್ಲಿ."

"ಯಾವ ಸ್ಪಿರಿಟ್?"

ಅಕ್ಕ ನನ್ನ ಕಡೆ ನೋಡಿದಳು. "ಇವ್ಳೇ ಕೊಡೋಳು, ಇವ್ಳಿಗೆ ಗೊತ್ತು," ಅಂದಳು.

"ಹೆಕ್ಸೇನ್," ಅಂದೆ.

ಡಾಕ್ಟರು ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟರು. ರೂಮಿಗೆ ಕಿಟಕಿ ಇದೆಯಾ, ಎಷ್ಟು ಹೊತ್ತು, ಎಷ್ಟು ವರ್ಷ, ಗ್ಲೌಸ್ ಇದೆಯಾ ಅಂತ ಒಂದೊಂದಾಗಿ ಕೇಳಿದರು. "ಡ್ರಮ್ಮಿನ ಮೇಲೆ ಲೇಬಲ್ ಇರುತ್ತಲ್ಲ, ಅದರ ಫೋಟೋ ತನ್ನಿ. ಅದರ ಜೊತೆ ಸುರಕ್ಷತೆಯ ವಿವರದ ಕಾಗದ ಬಂದಿರುತ್ತೆ, ಆಫೀಸಿನ ಫೈಲಿನಲ್ಲಿ ಇರಬೇಕು. ಅದನ್ನೂ ತನ್ನಿ. ಅಲ್ಲಿಯವರೆಗೆ ಇವರು ಆ ರೂಮಿಗೆ ಕಾಲಿಡೋದು ಬೇಡ," ಅಂದರು.

ಮಾರನೆಯ ದಿನ ಸ್ಟೋರಿನ ಬೀಗ ತೆಗೆದು, ಡ್ರಮ್ಮಿನ ಮುಂದೆ ಸ್ಟೂಲು ಹಾಕಿಕೊಂಡು ಕೂತೆ. ಅಷ್ಟು ವರ್ಷದಲ್ಲಿ ಮೊದಲ ಸಲ ಆ ಲೇಬಲ್ಲನ್ನು ಪೂರ್ತಿ ಓದಿದೆ. ಗೊತ್ತಿಲ್ಲದ ಪದಗಳನ್ನು ಡಿಕ್ಷನರಿಯಲ್ಲಿ ನೋಡಿ ಬಿಲ್ಲಿನ ಹಿಂಭಾಗದಲ್ಲಿ ಬರೆದುಕೊಂಡೆ. ಮೇಲೆ 'ಡೇಂಜರ್' ಅಂತ ಇತ್ತು. ಮೊದಲ ಚೌಕದಲ್ಲಿ ಜ್ವಾಲೆ. ಎರಡನೆಯದರಲ್ಲಿ ಆಶ್ಚರ್ಯಸೂಚಕ ಚಿಹ್ನೆ. ಮೂರನೆಯದರಲ್ಲಿ ಎದೆಯಲ್ಲಿ ನಕ್ಷತ್ರ ಇದ್ದ ಮನುಷ್ಯ. ನಾಲ್ಕನೆಯದು ಮೀನು, ಮರ. ಕೆಳಗೆ ಸಾಲು ಸಾಲು. ಬೇಗ ಹೊತ್ತಿಕೊಳ್ಳುತ್ತದೆ. ನುಂಗಿ ಶ್ವಾಸನಾಳಕ್ಕೆ ಹೋದರೆ ಸಾವು ಬರಬಹುದು. ಚರ್ಮಕ್ಕೆ ಉರಿ, ತುರಿಕೆ ತರುತ್ತದೆ. ಮಂಪರು, ತಲೆಸುತ್ತು ಬರಬಹುದು. ದೀರ್ಘಕಾಲ ಅಥವಾ ಮತ್ತೆ ಮತ್ತೆ ಒಡ್ಡಿಕೊಂಡರೆ ನರಮಂಡಲಕ್ಕೆ ಹಾನಿಯಾಗಬಹುದು.

ಅದರ ಮೇಲಿನ ಸಾಲನ್ನು ನಾನು ದಾಟಿ ಹೋಗಿದ್ದೆ. ಹಿಂದಕ್ಕೆ ಬಂದು ಓದಿದೆ. ಸಂತಾನಶಕ್ತಿಗೆ ಅಥವಾ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುವ ಶಂಕೆಯಿದೆ.

ಆ ಸಾಲಿನಲ್ಲಿದ್ದದ್ದು ಶಂಕೆ ಅನ್ನುವ ಪದ. ಮಾಡುತ್ತದೆ ಅಂತಲೂ ಇಲ್ಲ, ಮಾಡುವುದಿಲ್ಲ ಅಂತಲೂ ಇಲ್ಲ. ಬಸುರಿಯಾಗಿದ್ದಾಗ ನಾನು ದಿನಕ್ಕೆ ಎಷ್ಟು ಬಾಟಲಿ ಬಗ್ಗಿಸುತ್ತಿದ್ದೆ ಅಂತ ಲೆಕ್ಕ ಹಾಕಲು ಹೋದೆ, ಆಗಲಿಲ್ಲ. ಬಗ್ಗಿಸುವಾಗ ತಲೆ ತಿರುಗುತ್ತಿತ್ತು. ಬಸುರಿಗೆ ಇದ್ದದ್ದೇ ಅಂತ ಅತ್ತೆ ಹೇಳಿದ್ದರು. ಆ ಹೊತ್ತಿಗೆ ಕಿಟಕಿಯ ಹತ್ತಿರ ಬಾಯ್ಲರಿನವರು ಯಾರೋ ಬಂದು ಎರಡು ಜೊತೆ ಗ್ಲೌಸ್ ಕೇಳಿದರು. ಎದ್ದು ಕೊಟ್ಟೆ. ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡೆ. ಮತ್ತೆ ಬಂದು ಕೂತು ಫೋಟೋ ತೆಗೆದೆ. ಫೋಟೋ ಸ್ಪಷ್ಟವಾಗಿ ಬಂತು.

ಆಫೀಸಿನ ಫೈಲಿನಲ್ಲಿ ಆ ಇನ್ನೊಂದು ಕಾಗದವೂ ಇತ್ತು. ಹದಿನಾರು ಭಾಗ, ಇಂಗ್ಲಿಷಿನಲ್ಲಿ. ಪಂಚ್ ಮಾಡಿ ದಾರ ಹಾಕಿ ಚೆನ್ನಾಗಿ ಇಟ್ಟಿದ್ದರು. ಗಾಳಿ ಆಡುವ ಜಾಗದಲ್ಲೇ ಬಳಸಬೇಕು, ಬರಿಗೈಯಲ್ಲಿ ಮುಟ್ಟಬಾರದು, ಬೇರೆ ಡಬ್ಬಿಗೆ ಬಗ್ಗಿಸಿದರೆ ಅದಕ್ಕೂ ಇದೇ ಲೇಬಲ್ ಹಾಕಬೇಕು ಅಂತ ಅದರಲ್ಲಿ ಬರೆದಿತ್ತು.

ನರಗಳ ಪರೀಕ್ಷೆಗೆ ಅಕ್ಕನನ್ನು ಮೈಸೂರಿಗೆ ಕಳಿಸಿದರು. ವರದಿ ಬಂದ ಮೇಲೆ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಕಾಯಿಲೆ ಆ ದ್ರವದಿಂದಲೇ ಬಂದದ್ದು. ಇದಕ್ಕೆ ಅಂತ ಮಾತ್ರೆ ಇಲ್ಲ. ಅದರಿಂದ ದೂರ ಇರುವುದೇ ಔಷಧ. "ಒಂದು ವಿಷಯ ಈಗಲೇ ಹೇಳ್ತೀನಿ, ಹೆದರಬೇಡಿ. ಕೆಲಸ ಬಿಟ್ಟ ಮೇಲೂ ಎರಡು ಮೂರು ತಿಂಗಳು ಇದು ಜಾಸ್ತಿ ಆಗುತ್ತೆ. ಆಮೇಲೆ ನಿಧಾನಕ್ಕೆ ಇಳಿಯುತ್ತೆ. ನರ ಬೆಳೆಯೋದು ಬಹಳ ನಿಧಾನ."

ಅಕ್ಕ ಹೊರಗೆ ಹೋದ ಮೇಲೆ ನನ್ನ ವಿಷಯ ಕೇಳಿದೆ. ಯಾವ ತಿಂಗಳು, ಸ್ಕ್ಯಾನಿಂಗಿನಲ್ಲಿ ಏನಿತ್ತು, ಎಷ್ಟು ಹೊತ್ತು ಅದರ ಹತ್ತಿರ ಇರುತ್ತಿದ್ದೆ ಅಂತ ವಿಚಾರಿಸಿಕೊಂಡರು.

"ಅದರಿಂದಲೇ ಆಯ್ತು ಅಂತ ಹೇಳಕ್ಕಾಗಲ್ಲ. ಅದರಿಂದ ಅಲ್ಲ ಅಂತಲೂ ನಾನು ಹೇಳಲ್ಲ," ಅಂದರು. ಆಮೇಲೆ, "ನಿಮಗೆ ಏನಾದ್ರೂ ಮಾತಾಡಬೇಕು ಅನಿಸಿದ್ರೆ ಬನ್ನಿ," ಅಂದರು.

"ಸರಿ ಮೇಡಂ," ಅಂತ ಎದ್ದು ಬಂದೆ. ಗಂಡನಿಗೆ ಅದನ್ನು ಹೇಳಲು ಹದಿನೈದು ದಿನ ಹಿಡಿಯಿತು. ಅವರು ಊಟ ಬಿಟ್ಟು ಎದ್ದು ಹೋಗಿ ಹಿತ್ತಲಿನಲ್ಲಿ ನಿಂತರು. ನಾನು ತಟ್ಟೆ ಮುಚ್ಚಿಟ್ಟೆ.

ಬಾಟಲಿಯ ಮಾತನ್ನು ಅಕ್ಕನ ಹತ್ತಿರ ಆಡಲೇಬೇಕಾಗಿತ್ತು. ವರದಿ ಕೇಳಿಕೊಂಡು ಆಸ್ಪತ್ರೆಯಿಂದ ಬಂದ ದಿನವೇ ಚಾಮರಾಜನಗರದ ಬಸ್ ನಿಲ್ದಾಣದಲ್ಲಿ, ಹರವೆ ಬಸ್ಸಿಗೆ ಕಾಯುತ್ತಾ ಕೂತಿದ್ದಾಗ ಹೇಳಿದೆ. "ಅಕ್ಕ, ಆ ಲೇಬಲ್ಲಲ್ಲಿ ಎಲ್ಲ ಬರ್ದಿತ್ತು. ನಾ ಓದ್ನಿಲ್ಲ. ಓದಿದ್ರ ನಿಂಗ ಬಾಟ್ಲಿ ಕೊಡ್ತಿರ್ನಿಲ್ಲ."

ಅವಳು ತನ್ನ ಕೈಗಳನ್ನು ತೊಡೆಯ ಮೇಲಿಟ್ಟು ನೋಡುತ್ತಿದ್ದಳು. ಇರಲಿ ಬಿಡು ಅನ್ನುತ್ತಾಳೆ ಅಂತ ನಾನು ಕಾದಿದ್ದೆ.

"ನಾನು ಓದ್ದೋಳಲ್ಲ," ಅಂದಳು ಕೊನೆಗೆ. "ನೀನು ಓದ್ದೋಳು ಅಂತ ನಿನ್ನ ಕೈಲಿ ಇಸ್ಕಂಡೆ."

ಬಸ್ಸು ಬಂತು. ಅವಳನ್ನು ಹಿಡಿದು ಹತ್ತಿಸಿದೆ. ಸೀಟಿನಲ್ಲಿ ಕೂತ ಮೇಲೆ ಕಿಟಕಿಯಿಂದ, "ಓಗು, ನಿಂಗೂ ಬಸ್ಸು ತಪ್ಪೋಯ್ತದ," ಅಂದಳು. ಅವಳ ದನಿಯಲ್ಲಿ ಸಿಟ್ಟಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಸಿಟ್ಟಿದ್ದರೆ ನ್ಯಾಯವೇ.

ಮ್ಯಾನೇಜರ್ ವಯನಾಡಿನ ಕಡೆಯವರು. ಕೆಟ್ಟವರಲ್ಲ, ಹೆಂಗಸರನ್ನೆಲ್ಲ ಅವರ ಮಲಯಾಳದಲ್ಲಿ ಚೇಚಿ, ಅಂದರೆ ಅಕ್ಕ, ಅಂತ ಕರೆದು ಮಾತಾಡಿಸುವವರು. ಡಾಕ್ಟರ ಚೀಟಿ, ಲೇಬಲ್ಲಿನ ಫೋಟೋ ಎರಡನ್ನೂ ಅವರ ಮೇಜಿನ ಮೇಲಿಟ್ಟೆ.

"ನಾನು ಎಷ್ಟು ವರ್ಷದಿಂದ ಈ ಲೈನಲ್ಲಿ ಇದ್ದೀನಿ. ನನಗೆ ಏನೂ ಆಗಿಲ್ಲ," ಅಂದರು.

"ನೀವು ಆ ರೂಮಲ್ಲಿ ಕೂತು ಕೆಲ್ಸ ಮಾಡಿದ್ದೀರಾ ಸಾರ್?"

"ಟ್ರೈನಿಂಗ್ ಕೊಟ್ಟಿದ್ದೀವಿ ಅಲ್ಲಾ? ನಿನಗೇ ಫಸ್ಟ್ ಪ್ರೈಜ್ ಬಂದಿತ್ತು."

"ಹೌದು ಸಾರ್," ಅಂದೆ. "ನಂಗೇ ಬಂದಿತ್ತು." ಅವರು ಫೋಟೋವನ್ನು ಇನ್ನೊಮ್ಮೆ ನೋಡಿ ಎದ್ದು, "ಬಾ, ನೋಡುವಾ," ಅಂತ ಕ್ಲೀನಿಂಗ್ ರೂಮಿನ ಕಡೆ ನಡೆದರು. ಬಾಗಿಲು ಮುಚ್ಚಿಸಿಕೊಂಡು ಹೆಂಗಸರ ಪಕ್ಕ ಬೆಂಚಿನ ಮೇಲೆ ಕೂತರು. ಅರ್ಧ ಗಂಟೆ ಆಗಿರಬಹುದು. ಹೊರಗೆ ಬಂದವರು ಗೋಡೆಗೆ ಕೈ ಕೊಟ್ಟು ನಿಂತು, ನೀರು ಕೇಳಿದರು. ಅದೇ ವಾರ ಕಿಟಕಿಯ ಮೊಳೆ ಕೀಳಿಸಿ ಸಣ್ಣ ಕಣ್ಣಿನ ಜಾಲರಿ ಹಾಕಿಸಿದರು. ಗಾಳಿ ಎಳೆಯುವ ಫ್ಯಾನು ಬರಲು ಎರಡು ತಿಂಗಳಾಯಿತು. ಉಳಿದ ನಾಲ್ವರನ್ನೂ ಪರೀಕ್ಷೆಗೆ ಕಳಿಸಿದರು. ಇಬ್ಬರಿಗೆ ಕಾಲಿನ ಬೆರಳುಗಳಲ್ಲಿ ಶುರುವಾಗಿತ್ತು. ಅವರನ್ನು ಹೂವಿನ ಅಂಗಳದ ಕೆಲಸಕ್ಕೆ ಹಾಕಿದರು. ಕೈ ತೊಳೆಯಲು ಅಡುಗೆ ಎಣ್ಣೆ, ಕಡಲೆಹಿಟ್ಟು ಇಟ್ಟರು. ಎಣ್ಣೆ ಹಚ್ಚಿ ತಿಕ್ಕಿದರೆ ಆ ಬಣ್ಣ ಬಿಡುತ್ತದೆ ಅಂತ ಅಷ್ಟು ವರ್ಷ ಯಾರೂ ನೋಡಿಯೇ ಇರಲಿಲ್ಲ.

ಲೇಬಲ್ಲನ್ನು ಕನ್ನಡಕ್ಕೆ ಇಳಿಸುವ ಕೆಲಸ ನನಗೆ ಬಿತ್ತು. ಹೆಕ್ಸೇನ್ ಮುಗಿಸಿ ಉಳಿದವನ್ನೂ ನೋಡಿದೆ. ಬಾಯ್ಲರಿನ ನೀರಿಗೆ ಹಾಕುವ ಕಾಸ್ಟಿಕ್ ಸೋಡ, ಲ್ಯಾಬಿನ ಆಸಿಡ್ಡು, ಗೋದಾಮಿನ ಇಲಿಪಾಷಾಣ. ಒಂದೊಂದರ ಮೇಲೂ ಚಿತ್ರ ಬೇರೆ. ಪಕ್ಕಪಕ್ಕ ಇಡಬಾರದ ಎರಡು ಡಬ್ಬಿಗಳನ್ನು ನಾನೇ ವರ್ಷಗಟ್ಟಲೆ ಒಂದೇ ಅಟ್ಟದಲ್ಲಿ ಇಟ್ಟಿದ್ದೆ. 'ನರಮಂಡಲಕ್ಕೆ ಹಾನಿ' ಅಂತ ಬರೆದರೆ ಯಾರೂ ಓದುವುದಿಲ್ಲ ಅಂತ, 'ದಿನಾ ಮುಟ್ಟಿದರೆ, ಉಸಿರಿಗೆ ಎಳೆದರೆ ಕೈಕಾಲು ಸ್ಪರ್ಶ ಕಳೆದುಕೊಳ್ಳುತ್ತದೆ' ಅಂತ ಬರೆದೆ. ಮಗುವಿನ ಸಾಲನ್ನೂ ಬರೆದೆ. 'ಬಸುರಿಯರು ಮುಟ್ಟಬಾರದು, ಹತ್ತಿರ ಬರಬಾರದು.' ಅದನ್ನು ಬರೆಯುವಾಗಲಾದರೂ ಅಳು ಬರುತ್ತದೇನೋ ಅಂದುಕೊಂಡಿದ್ದೆ. ಅಕ್ಷರ ಸಾಲು ತಪ್ಪದ ಹಾಗೆ ಸ್ಕೇಲ್ ಇಟ್ಟು ಬರೆದು ಮುಗಿಸಿದೆ.

ಡಾಕ್ಟರು ಹೇಳಿದ ಹಾಗೇ ಅಕ್ಕನಿಗೆ ಮೊದಲು ಜಾಸ್ತಿಯಾಯಿತು. ಶಿವರಾತ್ರಿಯ ಹೊತ್ತಿಗೆ ಅವಳು ಗೋಡೆ ಹಿಡಿಯದೆ ನಿಲ್ಲುತ್ತಿರಲಿಲ್ಲ. ಲೋಟ ಎರಡು ಕೈಯಲ್ಲಿ ಹಿಡಿದು ಕುಡಿಯುತ್ತಿದ್ದಳು. ನಾನು ಭಾನುವಾರಗಳಲ್ಲಿ ಹೋಗುತ್ತಿದ್ದೆ. ಅವಳ ಮಗಳಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ಚಾಪೆ ಹಾಕಿ ಒಳಗೆ ಹೋಗಿಬಿಡುತ್ತಿದ್ದಳು. ನಾನು ಅಕ್ಕನ ಕಾಲಿಗೆ ಎಣ್ಣೆ ಹಚ್ಚಿ, ಆಸ್ಪತ್ರೆಯವರು ತೋರಿಸಿಕೊಟ್ಟ ಹಾಗೆ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿದ್ದೆ. ಅಂಗಾಲಿಗೆ ಉಗುರು ಒತ್ತಿ, "ಉಗುರು ತಾಕ್ತಾ?" ಅಂತ ಕೇಳಿದರೆ, "ಇಲ್ಲ," ಅನ್ನುತ್ತಿದ್ದಳು. ನಮ್ಮ ಭಾನುವಾರದ ಮಾತು ಬಹುಪಾಲು ಅಷ್ಟೇ. ಬೇಸಿಗೆ ಕಳೆದು ಮುಂಗಾರು ಬಂದ ಮೇಲೆ ಒಂದು ದಿನ, ಕೇಳುವ ಮೊದಲೇ, ಹಿಮ್ಮಡಿಯ ಹತ್ತಿರ ಏನೋ ಹರಿದಾಡುತ್ತಿದೆ ಅಂದಳು. ಆವತ್ತು ಅವಳ ಮಗಳು ಎರಡು ಲೋಟ ಟೀ ತಂದಿಟ್ಟಳು.

ಈಗ ಎರಡು ವರ್ಷವಾಗುತ್ತಾ ಬಂತು. ಅಕ್ಕ ನಡೆಯುತ್ತಾಳೆ, ಸ್ವಲ್ಪ ಕಾಲು ಎಳೆದು. ಫ್ಯಾಕ್ಟರಿಗೆ ಬರುವುದಿಲ್ಲ, ಊರಿನ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಾಳೆ. ಬೆರಳ ತುದಿಗಳಿಗೆ ಇನ್ನೂ ಬಿಸಿ ತಣ್ಣನೆ ಪೂರ್ತಿ ತಿಳಿಯುವುದಿಲ್ಲ ಅಂತ ಪಾತ್ರೆ ಇಳಿಸಲು ಇಕ್ಕಳವನ್ನೇ ಬಳಸುತ್ತಾಳೆ. ನಾನು ಸ್ಟೋರಿನಿಂದ ಆಫೀಸಿಗೆ ಬಂದೆ. ಹೊಸಬರು ಸೇರಿದಾಗ ಚಿತ್ರಗಳನ್ನು ವಿವರಿಸುವುದು ನನ್ನ ಪಾಲಿನ ಕೆಲಸ. ಗೋಡೆಯ ಮೇಲೆ ತೋರಿಸುವುದಿಲ್ಲ, ಡ್ರಮ್ಮಿನ ಮುಂದೆಯೇ ನಿಲ್ಲಿಸಿಕೊಂಡು ಓದಿಸುತ್ತೇನೆ. ಓದಲು ಬಾರದವರ ಬೆರಳು ಹಿಡಿದು ಚೌಕದ ಮೇಲಿಟ್ಟು ಹೇಳುತ್ತೇನೆ.

ಹೋದ ತಿಂಗಳು ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಅಕ್ಕನ ಫೋನು ಬಂತು.

"ಒಸ್ಲು ಎಡವ್ಬುಟ್ಟೆ ಕಣಮ್ಮಿ! ಎಬ್ಬೆಟ್ಟು ಕಿತ್ತೋಯ್ತು, ರಕ್ತ ಬತ್ತಾ ಅದ," ಅಂದಳು. ದನಿ ಏರಿತ್ತು.

"ಅಯ್ಯೋ, ಆಸ್ಪತ್ರಗ ಓಗಕ್ಕ!"

"ಓಯ್ತೀನಿ ಇರು. ನೋಯ್ತಾ ಅದ ಕಣಮ್ಮಿ. ಗೊತ್ತಾಯ್ತಾ? ತುದೀಲೇ ನೋಯ್ತಾ ಅದ. ಅದ್ನ ಏಳಕ್ಕೇ ಪೋನ್ ಮಾಡ್ದೆ."

ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ. ನಾನು ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದುಕೊಂಡೆ. ಏನಾದರೂ ಹೇಳಬೇಕಿತ್ತು. "ಅರಿಶಿನ ಆಕ್ಬುಡು," ಅಂದೆ. ಅವಳು ಆಗಲಿ ಅಂದಳು. ಆಮೇಲೂ ಇಬ್ಬರೂ ಸ್ವಲ್ಪ ಹೊತ್ತು ಫೋನು ಇಡಲಿಲ್ಲ.